ನೈಟ್ರೇಟ್ ಮತ್ತು ನೈಟ್ರೈಟ್: ಹೆಸರಿನಲ್ಲಿ ಒಂದಕ್ಷರ, ಕೊಟ್ಟಿಗೆಯಲ್ಲಿ ಒಂದು ಜೀವ



‘ನೈಟ್ರೇಟ್’ ಎಂಬ ಶಬ್ದ ನಿಮಗೆ ಹೊಸದಲ್ಲ. ಗೊಬ್ಬರದ ಚೀಲದ ಮೇಲೆ ಅದಿರುತ್ತದೆ. ಕೊಳವೆ ಬಾವಿ ನೀರಿನ ಪರೀಕ್ಷಾ ವರದಿಯಲ್ಲಿ ಇರುತ್ತದೆ. ಹಾಲಿನ ಕಲಬೆರಕೆ ಪರೀಕ್ಷೆಗಳ ಪಟ್ಟಿಯಲ್ಲೂ ಇರುತ್ತದೆ. ಇದರ ಪಕ್ಕದಲ್ಲೇ ‘ನೈಟ್ರೈಟ್’ ಎಂಬ ಇನ್ನೊಂದು ಶಬ್ದವಿದೆ. ಓದುವಾಗ ಅಚ್ಚಿನ ತಪ್ಪೇನೋ ಎನಿಸುತ್ತದೆ. ಏತ್ವದ ಜಾಗದಲ್ಲಿ ಐತ್ವ ಬಂದಿದೆ, ಅಷ್ಟೇ. ಆದರೆ ಅದು ಅಚ್ಚಿನ ತಪ್ಪಲ್ಲ. ಇವೆರಡೂ ಬೇರೆ ಬೇರೆ ವಸ್ತುಗಳು. ಮೊದಲನೆಯದು ಪೈರಿಗೆ ಆಹಾರ, ಎರಡನೆಯದು ಅದಕ್ಕಿಂತ ಸುಮಾರು ಹತ್ತು ಪಟ್ಟು ಹೆಚ್ಚು ವಿಷ. ಮೊದಲನೆಯದು ಎರಡನೆಯದಾಗಿ ಬದಲಾಗುವುದು ನಿಮ್ಮ ಹಸುವಿನ ಹೊಟ್ಟೆಯಲ್ಲಿಯೇ. ಆದ್ದರಿಂದ ಈ ಹೆಸರುಗಳ ಅರ್ಥವನ್ನು ಹಾಲು ಉತ್ಪಾದಕರೂ ತಿಳಿದುಕೊಳ್ಳುವುದು ಒಳ್ಳೆಯದು.

ಉಪ್ಪು ಎಂದರೆ ಅಡಿಗೆ ಉಪ್ಪು ಮಾತ್ರವೇ?

ರಸಾಯನ ಶಾಸ್ತ್ರದಲ್ಲಿ ಉಪ್ಪು ಎಂದರೆ ಒಂದು ದೊಡ್ಡ ಕುಟುಂಬ. ಆಮ್ಲವೂ ಕ್ಷಾರವೂ ಸೇರಿದಾಗ ಹುಟ್ಟುವ ವಸ್ತುವಿಗೆ ಉಪ್ಪು ಎಂದು ಹೆಸರು. ನಾವು ಅಡಿಗೆಗೆ ಹಾಕುವುದು ಆ ಕುಟುಂಬದ ಒಬ್ಬ ಸದಸ್ಯ ಮಾತ್ರ. ಮೈಲುತುತ್ತ, ಸುಣ್ಣಕಲ್ಲು, ಖನಿಜ ಮಿಶ್ರಣದಲ್ಲಿ ಇರುವ ಅನೇಕ ವಸ್ತುಗಳು ಎಲ್ಲವೂ ಉಪ್ಪುಗಳೇ.

ಈ ಕುಟುಂಬದಲ್ಲಿ ಒಂದು ವಿಶೇಷ ಗುಂಪಿದೆ. ತನ್ನಲ್ಲಿರುವ ಆಮ್ಲಜನಕವನ್ನು ಪಕ್ಕದ ವಸ್ತುವಿಗೆ ಸುಲಭವಾಗಿ ಬಿಟ್ಟುಕೊಡುವ ಉಪ್ಪುಗಳ ಗುಂಪು ಅದು. ಹೀಗೆ ಇನ್ನೊಂದು ವಸ್ತುವಿಗೆ ಆಮ್ಲಜನಕ ಸೇರಿಸುವುದಕ್ಕೆ ಉತ್ಕರ್ಷಣ ಎನ್ನುತ್ತಾರೆ. ಇನ್ನೊಂದರಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುವುದೂ ಉತ್ಕರ್ಷಣವೇ. ಕಬ್ಬಿಣ ತುಕ್ಕು ಹಿಡಿಯುವುದು ಉತ್ಕರ್ಷಣ. ಸೌದೆ ಉರಿಯುವುದೂ ಉತ್ಕರ್ಷಣವೇ, ಆದರೆ ಬಹಳ ವೇಗದ್ದು.

ನಮ್ಮ ಹಿರಿಯರಿಗೆ ಈ ಗುಂಪಿನ ಒಂದು ಉಪ್ಪು ಚೆನ್ನಾಗಿ ಗೊತ್ತಿತ್ತು. ಅದು ಪೆಟ್ಲುಪ್ಪು. ರಸಾಯನ ಶಾಸ್ತ್ರದ ಹೆಸರು ಪೊಟ್ಯಾಸಿಯಂ ನೈಟ್ರೇಟ್. ಪೆಟ್ಲುಪ್ಪು, ಗಂಧಕ, ಇದ್ದಿಲು ಈ ಮೂರನ್ನು ಬೆರೆಸಿದರೆ ಕೋವಿಯ ಮದ್ದು. ಗಾಳಿ ಹೋಗದಂತೆ ಗಿಡಿದು ತುಂಬಿದ ಮದ್ದು ಉರಿಯುವುದು ಹೇಗೆ? ಉರಿಯಲು ಬೇಕಾದ ಆಮ್ಲಜನಕವನ್ನು ಪೆಟ್ಲುಪ್ಪು ಒಳಗಿನಿಂದಲೇ ಒದಗಿಸುತ್ತದೆ. ಬೆಂಕಿಕಡ್ಡಿಯ ತಲೆಯಲ್ಲಿರುವ ಪೊಟ್ಯಾಸಿಯಂ ಕ್ಲೋರೇಟ್ ಮಾಡುವುದೂ ಇದೇ ಕೆಲಸ. ಕಾಲುಬಾಯಿ ಜ್ವರದ ಹುಣ್ಣು ತೊಳೆಯಲು ನಸುಗೆಂಪಾಗಿ ಕಲಸಿಕೊಳ್ಳುವ ಪೊಟ್ಯಾಸಿಯಂ ಪರ್ಮಾಂಗನೇಟ್, ನೀರಿನ ತೊಟ್ಟಿಗೆ ಹಾಕುವ ಬ್ಲೀಚಿಂಗ್ ಪೌಡರಿನಲ್ಲಿರುವ ಹೈಪೋಕ್ಲೋರೈಟ್ ಇವೂ ಈ ಗುಂಪಿನವೇ. ಇವು ಕ್ರಿಮಿಗಳನ್ನು ಉತ್ಕರ್ಷಿಸಿ ಕೊಲ್ಲುತ್ತವೆ.

ಹೆಸರಿನ ಬಾಲ ಏನು ಹೇಳುತ್ತದೆ?

ಉಪ್ಪಿನ ಹೆಸರಿನ ಕೊನೆಯಲ್ಲಿ ‘ಏಟ್’ ಬಂದರೆ ಆಮ್ಲಜನಕ ಹೆಚ್ಚು, ‘ಐಟ್’ ಬಂದರೆ ಕಡಿಮೆ. ನೈಟ್ರೇಟಿನಲ್ಲಿ ಸಾರಜನಕದ ಒಂದು ಕಣಕ್ಕೆ ಆಮ್ಲಜನಕದ ಮೂರು ಕಣ ಅಂಟಿಕೊಂಡಿರುತ್ತವೆ. ನೈಟ್ರೈಟಿನಲ್ಲಿ ಎರಡೇ. ಸಲ್ಫೇಟ್ ಮತ್ತು ಸಲ್ಫೈಟ್, ಕ್ಲೋರೇಟ್ ಮತ್ತು ಕ್ಲೋರೈಟ್ ಇವೂ ಇದೇ ರೀತಿಯ ಜೋಡಿಗಳು. ‘ಐಟ್’ ಹೆಸರಿನ ಹಿಂದೆ ‘ಹೈಪೋ’ ಸೇರಿದರೆ ಆಮ್ಲಜನಕ ಇನ್ನೂ ಕಡಿಮೆ, ‘ಏಟ್’ ಹೆಸರಿನ ಹಿಂದೆ ‘ಪರ್’ ಸೇರಿದರೆ ಇನ್ನೂ ಹೆಚ್ಚು ಎಂದು ತಿಳಿಯಬೇಕು.

ಇಲ್ಲಿ ಒಂದು ಎಚ್ಚರಿಕೆ ಬೇಕು. ‘ಏಟ್’ ಎಂದು ಕೊನೆಗೊಳ್ಳುವ ಉಪ್ಪುಗಳೆಲ್ಲ ಬೆಂಕಿಗೆ ಒದಗುವಂಥವಲ್ಲ. ಸುಣ್ಣಕಲ್ಲು ಕಾರ್ಬೊನೇಟ್, ಮೂಳೆಯಲ್ಲಿರುವುದು ಫಾಸ್ಫೇಟ್. ಇವು ತಮ್ಮ ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತವೆ. ನೈಟ್ರೇಟ್, ಕ್ಲೋರೇಟ್, ಪರ್ಮಾಂಗನೇಟ್‌ಗಳು ಸುಲಭವಾಗಿ ಬಿಟ್ಟುಕೊಡುತ್ತವೆ. ವ್ಯತ್ಯಾಸವಿರುವುದು ಅಲ್ಲಿ. ಅದಕ್ಕೇ ನೈಟ್ರೇಟ್ ಗೊಬ್ಬರದ ಚೀಲವನ್ನು ಹುಲ್ಲಿನ ಬಣವೆಯ ಬಳಿ, ಸೀಮೆಎಣ್ಣೆ ಡೀಸೆಲ್ ಇಟ್ಟ ಕಡೆ ಇಡಬಾರದು. ಇಂತಹ ಸರಕಿನ ಮೇಲೆ ವೃತ್ತದ ಮೇಲೆ ಜ್ವಾಲೆಯ ಚಿತ್ರ ಇರುತ್ತದೆ. ‘ಇದು ಉತ್ಕರ್ಷಕ’ ಎಂದು ಅದರ ಅರ್ಥ. 2020ರ ಆಗಸ್ಟ್ 4ರಂದು ಲೆಬನಾನಿನ ಬೈರೂತ್ ಬಂದರಿನಲ್ಲಿ ಸಿಡಿದು ನಗರವನ್ನೇ ನಡುಗಿಸಿದ್ದು ಗೋದಾಮಿನಲ್ಲಿದ್ದ ಸುಮಾರು 2,750 ಟನ್ ಅಮೋನಿಯಂ ನೈಟ್ರೇಟ್.

ಪೈರಿಗೆ ಅನ್ನ

ಮಣ್ಣಿಗೆ ನೀವು ಕೊಟ್ಟಿಗೆ ಗೊಬ್ಬರ ಹಾಕಿ, ಯೂರಿಯಾ ಹಾಕಿ, ಅದು ಕೊನೆಗೆ ಹೆಚ್ಚಾಗಿ ನೈಟ್ರೇಟ್ ಆಗುತ್ತದೆ. ಮಣ್ಣಿನ ಸೂಕ್ಷ್ಮಜೀವಿಗಳು ಅಮೋನಿಯಾವನ್ನು ಮೊದಲು ನೈಟ್ರೈಟ್ ಆಗಿ, ಆಮೇಲೆ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಪೈರಿನ ಬೇರು ನೀರಿನೊಂದಿಗೆ ನೈಟ್ರೇಟನ್ನು ಹೀರುತ್ತದೆ. ಎಲೆಗಳಲ್ಲಿ ಬಿಸಿಲಿನ ನೆರವಿನಿಂದ ಅದು ಸಸಾರಜನಕ, ಅಂದರೆ ಪ್ರೋಟೀನ್ ಆಗುತ್ತದೆ. ಇದು ದಿನವೂ ನಡೆಯುವ ಕೆಲಸ. ಹೀರಿದಷ್ಟೂ ಬಳಕೆಯಾಗುತ್ತಿದ್ದರೆ ತೊಂದರೆಯಿಲ್ಲ.

ತೊಂದರೆ ಬರುವುದು ಬೇರು ಹೀರುತ್ತಲೇ ಇದ್ದು ಎಲೆ ಕೆಲಸ ನಿಲ್ಲಿಸಿದಾಗ. ಆಗ ನೈಟ್ರೇಟ್ ದಂಟಿನಲ್ಲಿ ಉಳಿದುಬಿಡುತ್ತದೆ. ಯಾವಾಗ ಹೀಗಾಗುತ್ತದೆ?

1. ಮಳೆ ಕೈಕೊಟ್ಟು ಪೈರು ಬಾಡಿದಾಗ.
2. ಬಾಡಿದ ಪೈರಿಗೆ ಮಳೆ ಬಿದ್ದ ಮೊದಲ ವಾರದಲ್ಲಿ. ಒಣ ಮಣ್ಣಿನಲ್ಲಿ ಉಳಿದಿದ್ದ ನೈಟ್ರೇಟನ್ನೆಲ್ಲ ಬೇರು ಒಮ್ಮೆಗೇ ಹೀರುತ್ತದೆ. ಹೊಲ ಹಸಿರಾಗಿ ಕಾಣುತ್ತದೆ. ಅಪಾಯ ಹೆಚ್ಚಿರುವುದೂ ಆಗಲೇ.
3. ಮೋಡ ಕವಿದು ಹಲವು ದಿನ ಬಿಸಿಲು ಕಾಣದಿದ್ದಾಗ.
4. ಯೂರಿಯಾ ಅಥವಾ ಕೊಟ್ಟಿಗೆಯ ಗಂಜಲದ ನೀರನ್ನು ಅಳತೆಯಿಲ್ಲದೆ ಕೊಟ್ಟಾಗ.
5. ಕಳೆನಾಶಕ ತಗುಲಿ ಪೈರು ಸೊರಗಿದಾಗ.

ಜೋಳ, ಸುಡಾನ್ ಹುಲ್ಲು, ಮುಸುಕಿನ ಜೋಳ, ಸಜ್ಜೆ, ಓಟ್ಸ್, ನೇಪಿಯರ್ ಹುಲ್ಲುಗಳಲ್ಲಿ ಇದು ಕಾಣುತ್ತದೆ. ತಿಪ್ಪೆಯ ಬದಿಯಲ್ಲಿ ಸೊಂಪಾಗಿ ಬೆಳೆಯುವ ಮುಳ್ಳುಹರಿವೆಯಂತಹ ಕಳೆಗಳಲ್ಲೂ ಉಂಟು. ದಂಟಿನ ಬುಡದ ಭಾಗದಲ್ಲಿ ನೈಟ್ರೇಟ್ ಹೆಚ್ಚು, ಎಲೆಯಲ್ಲಿ ಕಡಿಮೆ, ಕಾಳಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ.

ಹಸುವಿನ ಹೊಟ್ಟೆಯಲ್ಲಿ ನಡೆಯುವುದೇನು?

ಮೆಲುಕು ಹಾಕುವ ಪ್ರಾಣಿಗಳಿಗೆ ರೂಮೆನ್ ಎಂಬ ದೊಡ್ಡ ಹೊಟ್ಟೆ ಇದೆ. ಅದರೊಳಗೆ ಕೋಟ್ಯಂತರ ಸೂಕ್ಷ್ಮಜೀವಿಗಳು ವಾಸಿಸುತ್ತವೆ. ಅವು ನೈಟ್ರೇಟಿನಿಂದ ಒಂದು ಆಮ್ಲಜನಕವನ್ನು ತೆಗೆದು ನೈಟ್ರೈಟ್ ಮಾಡುತ್ತವೆ. ನೈಟ್ರೈಟನ್ನು ಅಮೋನಿಯಾ ಮಾಡಿ ತಮ್ಮ ಬೆಳವಣಿಗೆಗೆ ಬಳಸುತ್ತವೆ. ಮೊದಲ ಹೆಜ್ಜೆ ಬೇಗ, ಎರಡನೆಯ ಹೆಜ್ಜೆ ನಿಧಾನ. ನೈಟ್ರೇಟ್ ಸ್ವಲ್ಪವಿದ್ದರೆ ಎರಡೂ ಸರಿದೂಗುತ್ತವೆ. ಒಮ್ಮೆಗೇ ಹೆಚ್ಚು ಬಂದರೆ ನಡುವಿನ ನೈಟ್ರೈಟ್ ರಾಶಿ ಬಿದ್ದು ರಕ್ತಕ್ಕೆ ಇಳಿಯುತ್ತದೆ.

ರಕ್ತದ ಕೆಂಪು ಕಣದಲ್ಲಿ ಹಿಮೋಗ್ಲೋಬಿನ್ ಇದೆ. ಅದರೊಳಗಿನ ಕಬ್ಬಿಣವೇ ಶ್ವಾಸಕೋಶದಿಂದ ಆಮ್ಲಜನಕವನ್ನು ಹೊತ್ತು ಮೈಗೆಲ್ಲ ಹಂಚುವುದು. ನೈಟ್ರೈಟ್ ಆ ಕಬ್ಬಿಣವನ್ನು ಉತ್ಕರ್ಷಿಸುತ್ತದೆ. ಸರಳವಾಗಿ ಹೇಳುವುದಾದರೆ ಕಬ್ಬಿಣಕ್ಕೆ ತುಕ್ಕು ಹಿಡಿದ ಹಾಗೆ. ಹೀಗಾದ ಹಿಮೋಗ್ಲೋಬಿನ್‌ಗೆ ಮೆಟ್‌ಹಿಮೋಗ್ಲೋಬಿನ್ ಎಂದು ಹೆಸರು. ಅದು ಆಮ್ಲಜನಕ ಹೊರಲಾರದು. ಹಸು ಗಾಳಿಯನ್ನು ಎಳೆದುಕೊಳ್ಳುತ್ತಲೇ ಇರುತ್ತದೆ, ಆದರೆ ಆ ಗಾಳಿ ಮೈಗೆ ಮುಟ್ಟುವುದಿಲ್ಲ. ರಕ್ತದ ಮೂವತ್ತು ನಲವತ್ತು ಭಾಗ ಕೆಟ್ಟಾಗ ಲಕ್ಷಣಗಳು ಕಾಣುತ್ತವೆ. ನೂರಕ್ಕೆ ಎಂಬತ್ತರ ಹತ್ತಿರ ಬಂದರೆ ಹಸು ಉಳಿಯುವುದಿಲ್ಲ.

ಇದು ಹೊಸ ಕಾಯಿಲೆಯಲ್ಲ. 1895ರಲ್ಲೇ ಅಮೆರಿಕದ ಕಾನ್ಸಾಸ್ ಪ್ರಾಂತ್ಯದಲ್ಲಿ ಮೇಯೋ ಎಂಬ ಪಶುವೈದ್ಯರು ಮುಸುಕಿನ ಜೋಳದ ದಂಟು ತಿಂದು ಸತ್ತ ದನಗಳ ವಿಚಾರ ಬರೆದು, ಸಾವಿಗೆ ಕಾರಣ ದಂಟಿನಲ್ಲಿದ್ದ ಪೆಟ್ಲುಪ್ಪು ಎಂದು ತೋರಿಸಿದ್ದರು. 1945ರಲ್ಲಿ ಅಲ್ಲಿಯೇ ಅಯೋವಾ ಪ್ರಾಂತ್ಯದ ವೈದ್ಯ ಕಾಮ್ಲಿ, ನೈಟ್ರೇಟ್ ಹೆಚ್ಚಿದ್ದ ಬಾವಿ ನೀರಿನಲ್ಲಿ ಹಾಲು ಕಲಸಿ ಕುಡಿಸಿದ ಹಸುಗೂಸುಗಳು ನೀಲಿಗಟ್ಟುವುದನ್ನು ವರದಿ ಮಾಡಿದರು. ನಮ್ಮ ದೇಶದಲ್ಲಿ ಕುಡಿಯುವ ನೀರಿಗೆ ನೈಟ್ರೇಟ್ ಮಿತಿ ಲೀಟರಿಗೆ 45 ಮಿಲಿಗ್ರಾಂ ಎಂದು ನಿಗದಿಯಾಗಿದೆ. ತಿಪ್ಪೆಗುಂಡಿಯ ಹತ್ತಿರ ಬಾವಿ ಇರುವವರು ನೀರನ್ನು ಪರೀಕ್ಷೆ ಮಾಡಿಸಬೇಕು.

ಎಷ್ಟು ಪ್ರಮಾಣ ಅಪಾಯ?

ಒಣ ಲೆಕ್ಕದಲ್ಲಿ ಮೇವಿನ ನೈಟ್ರೇಟ್ ಶೇಕಡಾ ಅರ್ಧಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಭಯವಿಲ್ಲ. ಶೇಕಡಾ ಒಂದನ್ನು ದಾಟಿದರೆ ಅಪಾಯ. ಲೆಕ್ಕ ಮಾಡಿ ನೋಡಿ. ಹಸು 30 ಕೆ.ಜಿ. ಹಸಿರು ಮೇವು ತಿಂದರೆ ಅದರಲ್ಲಿ ಒಣ ಪದಾರ್ಥ ಸುಮಾರು 6 ಕೆ.ಜಿ. ಅದರಲ್ಲಿ ಶೇಕಡಾ ಒಂದು ಎಂದರೆ 60 ಗ್ರಾಂ ನೈಟ್ರೇಟ್. ಒಂದು ಹಿಡಿ ಉಪ್ಪು! ಅದನ್ನು ಬೋಗುಣಿಯಲ್ಲಿಟ್ಟು ನೀವು ಹಸುವಿಗೆ ಕೊಡುವುದಿಲ್ಲ. ಮೇವಿನೊಳಗೆ ಕಣ್ಣಿಗೆ ಕಾಣದೆ ಅದು ಹೋಗುತ್ತದೆ.

ಲಕ್ಷಣಗಳು

ಮೇವು ತಿಂದ ಕೆಲವೇ ಗಂಟೆಗಳಲ್ಲಿ ಹಸು ಏದುಸಿರು ಬಿಡುತ್ತದೆ. ನಡುಗುತ್ತದೆ, ತೂರಾಡುತ್ತದೆ, ಪದೇ ಪದೇ ಗಂಜಲ ಹಾಕುತ್ತದೆ, ಕುಸಿದು ಬೀಳುತ್ತದೆ. ವಸಡು, ಕಣ್ಣಿನ ಒಳಪೊರೆ ಮಣ್ಣು ಮಿಶ್ರಿತ ನೀಲಿ ಬಣ್ಣಕ್ಕೆ ತಿರುಗುತ್ತವೆ. ಸೂಜಿ ಹಾಕಿ ರಕ್ತ ತೆಗೆದರೆ ಅದು ಕೆಂಪಗಿರದೆ ಕಾಫಿ ಡಿಕಾಕ್ಷನ್‌ನಂತೆ ಕಂದಾಗಿರುತ್ತದೆ. ಬದುಕುಳಿದ ಗಬ್ಬದ ಹಸುಗಳು ಕೆಲವು ದಿನಗಳ ನಂತರ ಕಂದು ಹಾಕುವುದುಂಟು.

ಎರಡು ವಿಷ, ಎರಡು ಮದ್ದು

ಈಗ ಮುಖ್ಯ ವಿಷಯಕ್ಕೆ ಬರೋಣ. ಜೋಳದ ಮೇವಿನಲ್ಲಿ ಇನ್ನೊಂದು ವಿಷವೂ ಇದೆ. ಎಳೆ ಜೋಳ, ಬಾಡಿದ ಜೋಳ, ಕೂಳೆ ಚಿಗುರಿನಲ್ಲಿ ಸೈನೈಡ್ ವಿಷ ಹುಟ್ಟುತ್ತದೆ ಎಂಬುದು ನಿಮಗೆಲ್ಲ ಗೊತ್ತು. ಎರಡರಲ್ಲೂ ಹಸು ಏದುಸಿರು ಬಿಟ್ಟು ಬೀಳುತ್ತದೆ. ಎರಡೂ ಬರಗಾಲದ ಜೋಳದಲ್ಲೇ ಬರುತ್ತವೆ. ಆದರೆ ಸೈನೈಡ್ ವಿಷದಲ್ಲಿ ರಕ್ತ ಕಣ್ಣು ಕುಕ್ಕುವಷ್ಟು ಕೆಂಪಾಗಿರುತ್ತದೆ. ನೈಟ್ರೇಟ್ ವಿಷದಲ್ಲಿ ಕಂದು.

ಸೈನೈಡಿಗೆ ವೈದ್ಯರು ಸೋಡಿಯಂ ನೈಟ್ರೈಟ್ ಮತ್ತು ಸೋಡಿಯಂ ಥಯೋಸಲ್ಫೇಟ್ ಚುಚ್ಚುಮದ್ದು ಕೊಡುತ್ತಾರೆ. ಹಿಂದೆ ಫೋಟೋ ಸ್ಟುಡಿಯೋಗಳಲ್ಲಿ ‘ಹೈಪೋ’ ಎಂದು ಬಳಸುತ್ತಿದ್ದುದೇ ಈ ಥಯೋಸಲ್ಫೇಟ್. ನೈಟ್ರೈಟನ್ನು ಬೇಕೆಂದೇ ಕೊಡುವುದು ಏಕೆ? ಸ್ವಲ್ಪ ಹಿಮೋಗ್ಲೋಬಿನ್ ಕೆಟ್ಟರೆ ಅದು ಸೈನೈಡನ್ನು ತನ್ನತ್ತ ಸೆಳೆದು ಹಿಡಿದುಕೊಳ್ಳುತ್ತದೆ. ಒಂದು ವಿಷದ ವಿರುದ್ಧ ಇನ್ನೊಂದನ್ನು ಅಳೆದು ಬಳಸುವ ಉಪಾಯ ಇದು. ಆದರೆ ನೈಟ್ರೇಟ್ ವಿಷದಿಂದ ಬಿದ್ದ ಹಸುವಿಗೆ ಇದೇ ನೈಟ್ರೈಟ್ ಕೊಟ್ಟರೆ? ಅರ್ಧ ಕೆಟ್ಟ ರಕ್ತ ಪೂರ್ತಿ ಕೆಡುತ್ತದೆ. ಮದ್ದೇ ಹಸುವನ್ನು ಕೊಲ್ಲುತ್ತದೆ. ಆದ್ದರಿಂದ “ಜೋಳ ತಿಂದು ಬಿದ್ದಿದೆ, ಪಕ್ಕದ ಮನೆಯ ಹಸುವಿಗೆ ಹಾಕಿದ ಇಂಜೆಕ್ಷನ್ನೇ ಹಾಕಿ” ಎಂದು ಯಾರನ್ನೂ ಒತ್ತಾಯಿಸಬೇಡಿ. ಮೊದಲು ರಕ್ತದ ಬಣ್ಣ ನೋಡಲಿ.

ನೈಟ್ರೇಟ್ ವಿಷಕ್ಕೆ ಮದ್ದು ಮೆಥಿಲೀನ್ ಬ್ಲೂ. ಹೌದು, ಹಾಲಿನ ಗುಣಮಟ್ಟ ನೋಡಲು ಡೇರಿಯಲ್ಲಿ ಮಾಡುವ ಎಂ.ಬಿ.ಆರ್.ಟಿ. ಪರೀಕ್ಷೆಯ ನೀಲಿ ಬಣ್ಣವೇ. ಹಾಲಿನಲ್ಲಿ ಬ್ಯಾಕ್ಟೀರಿಯಾ ಹೆಚ್ಚಿದ್ದರೆ ನೀಲಿ ಬೇಗ ಮಾಯವಾಗುತ್ತದೆ. ಉತ್ಕರ್ಷಣಕ್ಕೆ ವಿರುದ್ಧವಾದ ಅಪಕರ್ಷಣ ಕ್ರಿಯೆ ಅದು. ರಕ್ತದಲ್ಲೂ ಆ ನೀಲಿ ಹೀಗೆಯೇ ಬಣ್ಣ ಕಳೆದುಕೊಳ್ಳುತ್ತದೆ. ಬಣ್ಣ ಕಳೆದುಕೊಂಡ ರೂಪ ಕೆಟ್ಟ ಕಬ್ಬಿಣವನ್ನು ಮೊದಲಿನ ಸ್ಥಿತಿಗೆ ತರುತ್ತದೆ. ಶುದ್ಧ ಔಷಧ ದರ್ಜೆಯ ದ್ರಾವಣವನ್ನು ಹಸುವಿನ ತೂಕ ನೋಡಿ ನಿಧಾನವಾಗಿ ರಕ್ತನಾಳಕ್ಕೆ ಕೊಡಬೇಕು. ಡೇರಿಯ ಬಾಟಲಿಯಿಂದ ತೆಗೆದು ಕುಡಿಸುವುದು ಚಿಕಿತ್ಸೆಯಲ್ಲ. ಮದ್ದು ಕೊಟ್ಟ ಮೇಲೆ ಗಂಜಲ ಹಸಿರು ನೀಲಿಯಾಗುತ್ತದೆ, ಗಾಬರಿ ಬೇಡ. ವೈದ್ಯರು ಹೇಳಿದಷ್ಟು ದಿನ ಆ ಹಸುವಿನ ಹಾಲನ್ನು ಸಂಘಕ್ಕೆ ಹಾಕಬಾರದು, ಮನೆಗೂ ಬಳಸಬಾರದು.

ಯೂರಿಯಾ ವಿಷವೇ ಬೇರೆ

ಯೂರಿಯಾ ನೈಟ್ರೇಟ್ ಅಲ್ಲ, ಉತ್ಕರ್ಷಕವೂ ಅಲ್ಲ. ಹಸು ಯೂರಿಯಾ ಚೀಲಕ್ಕೆ ಬಾಯಿ ಹಾಕಿದರೆ ಆಗುವುದು ಅಮೋನಿಯಾ ವಿಷ. ಹೊಟ್ಟೆ ಉಬ್ಬರಿಸುತ್ತದೆ, ನೊರೆ ಸುರಿಯುತ್ತದೆ. ಅದಕ್ಕೆ ತಣ್ಣೀರು ಮತ್ತು ವಿನೆಗರ್ ಕೊಡುವ ಚಿಕಿತ್ಸೆ ಇದೆ. ಆದರೆ ಹನಿ ನೀರಾವರಿಗೆ ತರುವ 13-0-45 ಎಂಬ ಗೊಬ್ಬರ ಪೊಟ್ಯಾಸಿಯಂ ನೈಟ್ರೇಟ್, ಅಂದರೆ ಪೆಟ್ಲುಪ್ಪು. ಕ್ಯಾಲ್ಸಿಯಂ ನೈಟ್ರೇಟ್ ಚೀಲವೂ ಈಗ ತೋಟದ ಮನೆಗಳಲ್ಲಿ ಸಾಮಾನ್ಯ. ಉಪ್ಪು ಸಿಗದ ಹಸು ಇವನ್ನು ನೆಕ್ಕುತ್ತದೆ. ಚೀಲದ ಮೇಲಿನ ಹೆಸರು ಓದಿ ವೈದ್ಯರಿಗೆ ಹೇಳುವುದು ನಿಮ್ಮ ಕೈಯಲ್ಲಿದೆ. ‘ಏನೋ ಗೊಬ್ಬರ ತಿಂದಿದೆ’ ಎಂದರೆ ವೈದ್ಯರು ಕತ್ತಲಲ್ಲಿ ತಡಕಾಡಬೇಕಾಗುತ್ತದೆ.

ಮುನ್ನೆಚ್ಚರಿಕೆಗಳು

1. ಬಾಡಿದ ಮೇವಿಗೆ ಮಳೆ ಬಿದ್ದ ಮೇಲೆ ಕನಿಷ್ಠ ಒಂದು ವಾರದಿಂದ ಹತ್ತು ದಿನ ಕೊಯ್ಯಬೇಡಿ.
2. ಅನುಮಾನವಿರುವ ಮೇವನ್ನು ಬುಡದಿಂದ ಒಂದು ಅಡಿ ಬಿಟ್ಟು ಕೊಯ್ಯಿರಿ. ಬಿಸಿಲಿರುವ ದಿನ, ಮಧ್ಯಾಹ್ನದ ಮೇಲೆ ಕೊಯ್ಯುವುದು ಒಳ್ಳೆಯದು.
3. ಹಸಿದ ದನಕ್ಕೆ ಮೊದಲೇ ಹಸಿರು ಹಾಕಬೇಡಿ. ರಾಗಿ ಹುಲ್ಲು ಅಥವಾ ಭತ್ತದ ಹುಲ್ಲು, ಪಶು ಆಹಾರ ಕೊಟ್ಟು ಆಮೇಲೆ ಸ್ವಲ್ಪ ಸ್ವಲ್ಪವಾಗಿ ಹಾಕಿ. ಕಾಳಿನ ಆಹಾರ ತಿಂದ ಹಸುವಿನ ಹೊಟ್ಟೆಯಲ್ಲಿ ನೈಟ್ರೈಟ್ ಬೇಗ ಅಮೋನಿಯಾ ಆಗುತ್ತದೆ.
4. ಕೊಯ್ದ ಹಸಿ ಮೇವನ್ನು ರಾತ್ರಿಯಿಡೀ ಗುಡ್ಡೆ ಹಾಕಬೇಡಿ. ಗುಡ್ಡೆ ಬಿಸಿಯಾದರೆ ಒಳಗಿನ ನೈಟ್ರೇಟ್ ಅಲ್ಲೇ ನೈಟ್ರೈಟ್ ಆಗುತ್ತದೆ. ಹಬೆಯಾಡುವ ಮೇವನ್ನು ಗೊಂತಿಗೆ ಹಾಕಲೇಬಾರದು.
5. ಒಣಗಿಸಿದರೆ ಸೈನೈಡ್ ಬಹುಮಟ್ಟಿಗೆ ಹೋಗುತ್ತದೆ, ನೈಟ್ರೇಟ್ ಹೋಗುವುದಿಲ್ಲ. ಇದನ್ನು ನೆನಪಿಡಿ. ರಸಮೇವು ಮಾಡಿದರೆ ನೈಟ್ರೇಟ್ ಗಣನೀಯವಾಗಿ ಇಳಿಯುತ್ತದೆ. ಆದರೆ ಗುಂಡಿ ಮುಚ್ಚಿದ ಮೊದಲ ಎರಡು ಮೂರು ವಾರ ಕಂದುಗೆಂಪು ಬಣ್ಣದ ವಿಷಾನಿಲ ಬರಬಹುದು. ಆಗ ಗುಂಡಿಗೆ ಇಳಿಯಬೇಡಿ, ಮಕ್ಕಳನ್ನೂ ಬಿಡಬೇಡಿ.
6. ಮೇವಿನ ಬೆಳೆಗೆ ಯೂರಿಯಾವನ್ನು ಒಮ್ಮೆಗೇ ಸುರಿಯದೆ ಕಂತುಗಳಲ್ಲಿ ಕೊಡಿ. ಬೆಳೆ ಬಾಡಿರುವಾಗ ಮೇಲುಗೊಬ್ಬರ ಬೇಡ.
7. ಗಬ್ಬದ ಹಸುಗಳಿಗೆ ಅನುಮಾನದ ಮೇವು ಬೇಡವೇ ಬೇಡ.

ಹಸು ಬಿದ್ದರೆ ಏನು ಮಾಡಬೇಕು?

ಗೊಂತಿಯಲ್ಲಿರುವ ಮೇವು ತೆಗೆಯಿರಿ. ಉಳಿದ ರಾಸುಗಳ ಮುಂದಿನದನ್ನೂ ತೆಗೆಯಿರಿ. ಹಸುವನ್ನು ಎಬ್ಬಿಸಿ ನಡೆಸಬೇಡಿ, ಟೆಂಪೋಗೆ ಹತ್ತಿಸಬೇಡಿ. ಇರುವ ಅಲ್ಪ ಆಮ್ಲಜನಕ ಆ ಶ್ರಮಕ್ಕೆ ಖರ್ಚಾಗುತ್ತದೆ. ಬಿದ್ದ ಹಸುವಿನ ಬಾಯಿಗೆ ಗೊಟ್ಟದಲ್ಲಿ ಏನನ್ನೂ ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಒಕ್ಕೂಟದ ತುರ್ತು ಪಶುವೈದ್ಯ ಸೇವೆಗೆ ಅಥವಾ ಸರ್ಕಾರದ ಸಂಚಾರಿ ಪಶುಚಿಕಿತ್ಸಾ ವಾಹನದ 1962 ಸಂಖ್ಯೆಗೆ ಕರೆ ಮಾಡಿ. ಕರೆ ಮಾಡುವಾಗ ಮೂರು ವಿಷಯ ಹೇಳಿ: ಯಾವ ಮೇವು, ಎಷ್ಟು ಹೊತ್ತಿನ ಹಿಂದೆ ತಿಂದದ್ದು, ವಸಡಿನ ಬಣ್ಣ ಏನು. ಸರಿಯಾದ ಮದ್ದು ಚೀಲದಲ್ಲಿ ಬರಲು ಇಷ್ಟು ಮಾಹಿತಿ ಬೇಕು.

ಹಸು ಸತ್ತರೆ ಮರಣೋತ್ತರ ಪರೀಕ್ಷೆ ಆಗುವವರೆಗೆ ಹೂಳಬೇಡಿ. ವಿಮೆಗೆ ಅದು ಬೇಕು. ಉಳಿದ ಮೇವಿನಲ್ಲಿ ಎರಡು ಹಿಡಿಯನ್ನು ಬುಡ ಸಮೇತ ಚೀಲದಲ್ಲಿ ಕಟ್ಟಿಡಿ. ಡೈಫಿನೈಲ್ ಅಮೀನ್ ಎಂಬ ದ್ರಾವಣದ ಒಂದು ತೊಟ್ಟನ್ನು ಸೀಳಿದ ದಂಟಿನ ಮೇಲೆ ಹಾಕಿದರೆ, ನೈಟ್ರೇಟ್ ಹೆಚ್ಚಿದ್ದಾಗ ಆ ಜಾಗ ತಕ್ಷಣ ಗಾಢ ನೀಲಿಯಾಗುತ್ತದೆ. ಗಂಧಕಾಮ್ಲದಲ್ಲಿ ಕಲಸಿದ ದ್ರಾವಣವಾದ್ದರಿಂದ ಈ ಪರೀಕ್ಷೆಯನ್ನು ವೈದ್ಯರೇ ಮಾಡಬೇಕು.

ಹಾಲಿನ ಪರೀಕ್ಷೆಯಲ್ಲಿ ಮಾಡುವುದೂ ಇದನ್ನೇ. ಒಳ್ಳೆಯ ಹಾಲಿನಲ್ಲಿ ನೈಟ್ರೇಟ್ ಇಲ್ಲವೆನ್ನುವಷ್ಟು ಕಡಿಮೆ. ಕೆರೆ ಬಾವಿಗಳ ನೀರಿನಲ್ಲಿ ಅದು ಇರುತ್ತದೆ. ಹಾಲಿಗೆ ಅಂತಹ ನೀರು ಬೆರೆತಿದ್ದರೆ ಪರೀಕ್ಷಾ ನಳಿಕೆಯಲ್ಲಿ ನೀಲಿ ಮೂಡುತ್ತದೆ. ಕ್ಯಾನ್ ತೊಳೆದ ನೀರನ್ನು ಪೂರ್ತಿ ಬಸಿಯದೆ ಹಾಲು ತುಂಬಿದರೂ ಈ ಅನುಮಾನಕ್ಕೆ ಎಡೆಯಾಗಬಹುದು. ಆದ್ದರಿಂದ ಕ್ಯಾನನ್ನು ಬೋರಲು ಹಾಕಿ ಒಣಗಿಸಿಯೇ ಹಾಲು ತುಂಬಿರಿ.

ಸಂಘದ ಕಾರ್ಯದರ್ಶಿಯವರಲ್ಲಿ ಒಂದು ಮನವಿ. ಮುಂಗಾರು ತಡವಾದ ವರ್ಷಗಳಲ್ಲಿ, ಮೊದಲ ಮಳೆ ಬಿದ್ದ ದಿನವೇ ಸೂಚನಾ ಫಲಕದಲ್ಲಿ ಹೀಗೆ ಬರೆಯಿರಿ: “ಬಾಡಿದ ಜೋಳ ಹತ್ತು ದಿನ ಕೊಯ್ಯಬೇಡಿ. ರಕ್ತ ಕಂದಾಗಿದ್ದರೆ ನೈಟ್ರೇಟ್, ಕೆಂಪಾಗಿದ್ದರೆ ಸೈನೈಡ್. ಮದ್ದು ಬೇರೆ ಬೇರೆ.” ಬೆಳಿಗ್ಗೆ ಹಾಲು ಹಾಕಲು ಬಂದವರು ಓದಿಕೊಂಡು ಹೋಗಲಿ.